ಕೈ ತಡೆಯುವಷ್ಟು ಬಿಸಿ

ಬಡೇಸಾಬ ಬಣ್ಣ ಹಾಕಿದ ಬಟ್ಟೆಯನ್ನು ಬಿಚ್ಚಿ ಪರೀಕ್ಷೆ ಮಾಡುವ ರೂಢಿ ಕೊಪ್ಪಳದ ನೇಕಾರರ ಓಣಿಯಲ್ಲಿ ಯಾರಿಗೂ ಇರಲಿಲ್ಲ. ತಂದೆಯ ಕಾಲದಿಂದ ಬಣ್ಣದ ಹಂಡೆಯ ಮುಂದೆ ಕೂತ ಮನುಷ್ಯ. ಹಬೆಯಾಡುವ ನೀರಿಗೆ ಬರಿಗೈ ಇಳಿಸಿ ಬಟ್ಟೆ ಎತ್ತುತ್ತಿದ್ದ. ಯಾರಾದರೂ ನಿಂತು ನೋಡುತ್ತಿದ್ದರೆ ಕೈಯನ್ನು ಇನ್ನೊಂದು ಗಳಿಗೆ ಹೆಚ್ಚೇ ಇಡುತ್ತಿದ್ದ. ಜಂಬವೆಂದರೆ ಜಂಬ, ಇರಲಿಲ್ಲವೆಂದು ಯಾಕೆ ಹೇಳಬೇಕು.

ಅದೇ ಓಣಿಯ ಉಡಚಮ್ಮ, ಗಂಡ ತೀರಿದ ಮೇಲೆ, ನೇಕಾರರ ಹಾಸುನೂಲಿಗೆ ಗಂಜಿ ಕಾಸಿ ಹಚ್ಚಿ ಹೊಟ್ಟೆ ಹೊರೆಯುತ್ತಿದ್ದಳು. ನೂಲು ಮಗ್ಗದ ಮೇಲೆ ಹರಿಯದಿರಬೇಕಾದರೆ ಗಂಜಿ ಬೇಕು. ನೇಯ್ದ ಬಟ್ಟೆಗೆ ಬಣ್ಣ ಹತ್ತಬೇಕಾದರೆ ಅದೇ ಗಂಜಿ ಹೋಗಬೇಕು. ಅವಳು ಹಚ್ಚಿದ್ದನ್ನು ಬಡೇಸಾಬ ತೊಳೆದು ತೆಗೆಯುತ್ತಿದ್ದ. ನಾನು ಕಟ್ಟಿದ್ದನ್ನು ನೀವು ಕೆಡವುತ್ತೀರಿ ಎಂದು ಅವಳು ನಗುತ್ತಿದ್ದಳು, ಬಾಯಿ ತುಂಬ ಅಣ್ಣ ಎನ್ನುತ್ತಿದ್ದಳು. ಪಂಚಮಿಯ ಉಂಡಿ ಅವನ ಮನೆಗೆ, ರಮಜಾನಿನ ಸುರಕುಂಬಾ ಪಾಯಸ ಅವಳ ಮನೆಗೆ ತಪ್ಪದೆ ಹೋಗುತ್ತಿತ್ತು.

ಗಂಜಿ ಬಿಡಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಬಟ್ಟೆಯನ್ನು ದಿನಗಟ್ಟಲೆ ನೀರಿನಲ್ಲಿ ನೆನೆಹಾಕಿ, ಅದು ಹುಳಿತು ನಾರುವವರೆಗೆ ಕಾದು, ಆಮೇಲೆ ಒಗೆಯಬೇಕು. ಎಪ್ಪತ್ತೆಂಟನೇ ಇಸವಿಯಲ್ಲಿ ನೇಕಾರರ ಸೊಸೈಟಿಗೆ ಶಾಲೆ ಮಕ್ಕಳ ಅಂಗಿಯ ನೀಲಿ ಬಟ್ಟೆಯ ಕೆಲಸ ಬಂತು, ಅದೂ ಗಡಿಬಿಡಿಯ ಕೆಲಸ. ಅದರ ಬೆನ್ನಿಗೇ ಊರ ಹೊರಗಿನಿಂದ ಒಬ್ಬ ತರಬೇತಿಯವನು ಎನ್‌ಜೈಮ್ ಎಂಬ ಪುಡಿಯ ಡಬ್ಬಿ ತಂದ. ಇದು ಗಂಜಿಯನ್ನಷ್ಟೇ ತಿನ್ನುತ್ತದೆ, ನೂಲನ್ನು ಮುಟ್ಟುವುದಿಲ್ಲ, ಒಂದು ರಾತ್ರಿ ಸಾಕು ಎಂದ. ಆದರೆ ಇದು ಮೊಸರಿನ ಹೆಪ್ಪಿದ್ದಂತೆ, ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಸತ್ತುಹೋಗುವುದಿಲ್ಲವೇ, ಹಾಗೆ. ನೀರು ಕೈ ತಡೆಯುವಷ್ಟು ಬಿಸಿ ಇದ್ದರೆ ಸಾಕು ಎಂದು ಹೇಳಿ ಹೋದ.

ಬಡೇಸಾಬ ನೀರು ಕಾಸಿದ. ಕೈ ಇಳಿಸಿ ನೋಡಿದ, ತಡೆಯಿತು. ಪುಡಿ ಸುರಿದು ಬಟ್ಟೆ ಮುಳುಗಿಸಿದ. ಮರುದಿನ ಬಣ್ಣ ಹಾಕಿದರೆ ಬಟ್ಟೆಯ ತುಂಬ ಮಚ್ಚೆ, ಒಂದು ಕಡೆ ನೀಲಿ, ಒಂದು ಕಡೆ ಬೂದಿ.

ಸೊಸೈಟಿಯಲ್ಲಿ ಎಲ್ಲರೂ ಸೇರಿದರು. ಅಧ್ಯಕ್ಷ ಹೇಮಪ್ಪ ಬಟ್ಟೆ ಹರಡಿ, ಇದು ಹೇಗಾಯಿತು ಎಂದು ಕೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಬಡೇಸಾಬನಿಗೆ ತಾನು ಕುಣಿಯಲಾರೆನೆಂಬ ಅನುಮಾನ ಕನಸಿನಲ್ಲೂ ಬಂದಿರಲಿಲ್ಲ.

"ಪುಡಿ ಹೇಳಿದಂಗ ಹಾಕೇನ್ರಿ," ಎಂದ. "ಉಡಚವ್ವನ ಕೈ ಕೆಟ್ಟೈತಿ. ಗಂಜಿ ಹದಾ ತಪ್ಪಿ ನೂಲಿನೊಳಗ ಕುಂತುಬಿಟ್ಟೈತಿ."

ಉಡಚಮ್ಮ ಬಾಗಿಲ ಬಳಿ ನಿಂತಿದ್ದಳು. ಕೇಳಿಸಿಕೊಂಡು ಮನೆಯ ಕಡೆ ನಡೆದಳು. ಹೇಮಪ್ಪ ಗಂಜಿಯ ಕೆಲಸವನ್ನು ಶಾಂತಕ್ಕ ಎಂಬವಳಿಗೆ ಕೊಟ್ಟ. ಡಬ್ಬಿಯ ಪುಡಿ ಮುಗಿದಿದ್ದರಿಂದ ಬಡೇಸಾಬ ಹಳೆಯ ಪದ್ಧತಿಯಲ್ಲೇ ನೆನೆಹಾಕಿದ, ಶಾಂತಕ್ಕನ ಬಟ್ಟೆಗೆ ಬಣ್ಣ ಸರಿಯಾಗಿಯೇ ಹತ್ತಿತು. ನೋಡಿದಿರಾ, ತಪ್ಪು ಅವಳದೇ ಎಂದು ಓಣಿಯೆಲ್ಲ ಮಾತಾಡಿಕೊಂಡಿತು. ಉಡಚಮ್ಮ ಗಂಜಿಯ ಪಾತ್ರೆ ಮಾರಿ ಸಿದ್ದಾಪುರದ ತಂಗಿಯ ಮನೆ ಸೇರಿದಳು. ಅಲ್ಲಿ ಕಾಲುವೆಯ ಗದ್ದೆಗಳಲ್ಲಿ ನಾಟಿಯ ಕೂಲಿ ಸಿಗುತ್ತಿತ್ತು. ಪಾಪ, ವಯಸ್ಸಾಯಿತು ಎಂದು ಬಡೇಸಾಬ ಮರುಗಿದ, ಅಷ್ಟೇ.

ಮರುವರ್ಷ ಪುಡಿ ಮತ್ತೆ ಬಂತು. ಆಗ ಬಡೇಸಾಬನ ಕೈಗೆ ತಗಡು ತಾಗಿ ಗಾಯವಾಗಿತ್ತು. ನೀರು ನೋಡಲು ಹೆಂಡತಿ ಅಬೇದಾಬಿಯನ್ನು ಕರೆದ. ಅವಳು ಬೆರಳು ಅದ್ದಿದವಳೇ ಚೀರಿ ಹಿಂದೆ ಸರಿದಳು. ಇದೇನು ಬಟ್ಟೆ ನೆನೆಹಾಕುವ ನೀರೋ, ಕೋಳಿಯ ಪುಕ್ಕ ಕೀಳುವ ನೀರೋ, ನಿಮ್ಮ ಸುಟ್ಟು ಸುಣ್ಣವಾದ ಕೈಗೆ ಬಿಸಿ ಎಲ್ಲಿ ತಿಳಿಯಬೇಕು ಎಂದು ಬೈದು, ತನ್ನ ಕೈ ತಡೆಯುವವರೆಗೆ ತಣ್ಣೀರು ಸುರಿದಳು.

ಹೋದ ವರ್ಷ ಪುಡಿಯನ್ನು ಸಾಯಿಸಿದ್ದು ತನ್ನ ಕೈಯೇ ಎಂದು ಬಡೇಸಾಬನಿಗೆ ಆಗ ಹೊಳೆಯಿತು. ಉಡಚಮ್ಮನ ಗಂಜಿಯಿದ್ದ ಹಳೆಯ ಬಟ್ಟೆಯ ತುಂಡೊಂದು ಬಣ್ಣ ಕಾಣದೆ ಮೂಲೆಯಲ್ಲಿ ಉಳಿದಿತ್ತು. ಅದನ್ನೂ ಆ ನೀರಿಗೆ ಹಾಕಿದ. ಬೆಳಿಗ್ಗೆ ಬಟ್ಟೆ ಮೆತ್ತಗಾಗಿತ್ತು. ನೀಲಿ ಅಂಚಿನಿಂದ ಅಂಚಿಗೆ ಒಂದೇ ಸಮ ಹತ್ತಿತು. ಅಷ್ಟು ಒಳ್ಳೆಯ ನೀಲಿಯನ್ನು ಕಂಡು ಅಷ್ಟು ಸಂಕಟಪಟ್ಟವನು ಇನ್ನೊಬ್ಬನಿರಲಿಕ್ಕಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹತ್ತು ಮಂದಿಯ ಮುಂದೆ ಆಡಿದ್ದನ್ನು ಹತ್ತು ಮಂದಿಯ ಮುಂದೆಯೇ ತಿನ್ನಬೇಕೆಂದು ಸೊಸೈಟಿಗೆ ಹೋಗಿ, ತಪ್ಪು ತನ್ನದೆಂದು ಹೇಳಿದ. ಹೇಮಪ್ಪ ಒಳ್ಳೆಯವನು; ಕೆಲಸ ಅವಳದೇ, ಕರೆದುಕೊಂಡು ಬಾ ಎಂದ. ಬಡೇಸಾಬ ಗಂಗಾವತಿಯ ಮೇಲೆ ಹಾಯ್ದು ಸಿದ್ದಾಪುರದಲ್ಲಿ ಇಳಿದ. ದಾರಿಯುದ್ದಕ್ಕೂ ಅವಳ ಬೈಗುಳಗಳನ್ನು ತಾನೇ ಕಲ್ಪಿಸಿಕೊಂಡು, ಬೈಸಿಕೊಳ್ಳಲು ತಯಾರಾಗಿದ್ದ.

ಉಡಚಮ್ಮ ಕೆಸರುಗಾಲಿನಲ್ಲೇ ಗದ್ದೆಯ ಬದುವಿಗೆ ಬಂದಳು. ಅವನು ನೀರಿನ ಬಿಸಿಯಿಂದ ಹೇಮಪ್ಪನ ಮಾತಿನವರೆಗೆ ಎಲ್ಲ ಹೇಳಿ ತಲೆ ತಗ್ಗಿಸಿದ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಣ್ಣಾರ, ನಾ ಸಿಟ್ಟಾಗಿ ಊರು ಬಿಟ್ಟಾಕಿ ಅಲ್ರಿ," ಎಂದಳು. "ಅವತ್ತ ಮನಿಗೆ ಹೋಗಿ ಗಂಜಿ ಕಾಸಿ ಕಾಸಿ ನೋಡಿದೆ. ಹದಾ ಸರಿ ಇದ್ದಂಗನ ಕಾಣತಿತ್ತು. ಆದ್ರ ಬಡೇಸಾಬಣ್ಣ ಕೆಟ್ಟೈತಿ ಅಂದಮ್ಯಾಲ ಸುಳ್ಳ ಹೆಂಗ ಆದೀತು, ಹದಾ ನನಗ ತಿಳೀವಲ್ದು ಅಂತ ಪಾತ್ರಿ ಮಾರಿದೆ."

ಈಗ ಗೊತ್ತಾಯಿತಲ್ಲ, ಬಾ ಎಂದು ಅವನು ಅಂಗಲಾಚಿದ.

"ಹೆಂಗ ಬರಲ್ರಿ? ಈಗ ಗಂಜಿ ಮುಟ್ಟಿದ್ರ ಅದು ಸರಿ ಐತೋ ಇಲ್ಲೋ ನನಗ ಗೊತ್ತಾಗೂದಿಲ್ಲ."

ಗದ್ದೆಯಿಂದ ಯಾರೋ ಅವಳನ್ನು ಕರೆದರು. ಅವಳು ಸೆರಗು ಸಿಕ್ಕಿಸಿಕೊಂಡು ಸಾಲಿಗೆ ಇಳಿದಳು. ಬಡೇಸಾಬ ಬದುವಿನ ಮೇಲೆ ಕೂತು, ಜನ ನೋಡುತ್ತಾರೆಂಬ ಪರಿವೆಯಿಲ್ಲದೆ ಅತ್ತ.