ಮೊದಲ ಮೊಳೆಯ ರೆಕ್ಕೆಗಳು

ಪಿನ್ನಿ ಎಂಬುದು ಅವಳಿಗೆ ತಾಯಿ ಇಟ್ಟ ಹೆಸರಲ್ಲ. ಎಂಟನೇ ವಯಸ್ಸಿನಲ್ಲಿ ತಲೆಪಿನ್ನೊಂದರಿಂದ ಶಾಲೆಯ ಹೆಡ್‌ಮೇಡಂ ಅವರ ಬೀರುವನ್ನು ತೆರೆದು, ಒಳಗಿದ್ದ ಬೆತ್ತವನ್ನು ಕದ್ದು, ಬೀರುವಿಗೆ ಮತ್ತೆ ಬೀಗ ಹಾಕಿಟ್ಟ ದಿನದಿಂದ ಬೀದಿಯವರೆಲ್ಲ ಅವಳನ್ನು ಹಾಗೆ ಕರೆದರು. ಈಗ ಅವಳಿಗೆ ಹನ್ನೊಂದು. ಈ ಮೂರು ವರ್ಷಗಳಲ್ಲಿ ಅವಳು ಬಿಚ್ಚದ ಬೀಗವಿಲ್ಲ, ಸಿಕ್ಕಿಬಿದ್ದ ದಿನವಿಲ್ಲ. ಕೈ ಹಾಕುವ ಮೊದಲು ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ನಕ್ಷೆ ಬರೆಯುತ್ತಿದ್ದಳು. ಯಾರು ಎಷ್ಟು ಗಂಟೆಗೆ ಆಕಳಿಸುತ್ತಾರೆ ಎಂಬುದನ್ನೂ ಬಿಡುತ್ತಿರಲಿಲ್ಲ. ಅವಳಿಗೊಂದು ನಿಯಮವಿತ್ತು. ಕದ್ದರೆ ಮೇಲಿನವರದ್ದನ್ನೇ ಕದಿಯಬೇಕು. ಆ ನಿಯಮವೊಂದು ಇದ್ದುದರಿಂದ ಅವಳಿಗೆ ಒಳ್ಳೆಯ ನಿದ್ದೆ ಬರುತ್ತಿತ್ತು.

ಅವಳ ಅಮ್ಮ ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕುವವಳು. ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ಹೊದಿಕೆ, ಯಾರೋ ಉಂಡೆದ್ದ ಮೇಜಿನ ಬಟ್ಟೆ, ಎಲ್ಲದರ ಕೊಳೆಯೂ ಬಂದು ಸೇರುವುದು ಅಲ್ಲಿಗೇ. ಹದಿನಾರು ವರ್ಷ ಉಗಿಯ ಇಸ್ತ್ರಿಯ ಮುಂದೆ ನಿಂತು ನಿಂತು ಅಮ್ಮನ ಬಲಗೈ ಬೆರಳುಗಳು ಈಗ ಮಡಚುತ್ತಿರಲಿಲ್ಲ. ಯಾಕೆ ಮಡಚುವುದಿಲ್ಲ ಎಂದು ಹೇಳಲು ಡಾಕ್ಟರೇ ಬರಬೇಕಾಗಿರಲಿಲ್ಲ. ಆ ಸಾಲಿನಲ್ಲಿ ನಿಂತ ಯಾವ ಹೆಂಗಸನ್ನು ಕೇಳಿದ್ದರೂ ತನ್ನ ಕೈ ತೋರಿಸುತ್ತಿದ್ದಳು. ಸೂಪರ್‌ವೈಸರ್ ಮಾತ್ರ ಕೇಳಲಿಲ್ಲ.

"ನೋಡಮ್ಮಾ, ಇದು ಲಾಂಡ್ರಿ, ಆಸ್ಪತ್ರೆ ಅಲ್ಲ," ಎಂದಿದ್ದ. "ಶನಿವಾರದವರೆಗೆ ನೋಡ್ತೀನಿ. ಕೈ ಮೊದಲಿನ ಹಾಗೆ ಓಡಿದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಬರೋ ತೊಂದ್ರೆ ತಗೋಬೇಡ."

ಹದಿನಾರು ವರ್ಷ ಬಂದದ್ದು ತೊಂದರೆಯಲ್ಲವಂತೆ, ಸೋಮವಾರ ಬರುವುದೇ ತೊಂದರೆಯಂತೆ. ಆ ಮಾತು ಹೇಳುವಾಗ ಅವನ ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಅದನ್ನು ಇಸ್ತ್ರಿ ಮಾಡಿದವಳೂ ಅಮ್ಮನೇ.

ಶಾಲೆಗೆ ರಜೆಯಿದ್ದುದರಿಂದ ಪಿನ್ನಿ ದಿನವೂ ಅಮ್ಮನಿಗೆ ಮಧ್ಯಾಹ್ನದ ಊಟದ ಡಬ್ಬಿ ಒಯ್ಯುತ್ತಿದ್ದಳು. ಗಂಟೆ ಹೊಡೆಯುವ ತನಕ ಒಳಗೆ ಬಿಡದೆ ಇದ್ದುದರಿಂದ ಬಾಯ್ಲರ್ ಕೋಣೆಯಲ್ಲಿ ಕಾಯಬೇಕಿತ್ತು. ಬಾಯ್ಲರ್ ನೋಡಿಕೊಳ್ಳುವ ಮಾಮ ಹನ್ನೊಂದಕ್ಕೆ ಟೀ ಕುಡಿದು, ಹನ್ನೊಂದೂಕಾಲಕ್ಕೆ ಗೊರಕೆ ಶುರುಮಾಡುತ್ತಿದ್ದ. ಅಂಥದೊಂದು ಗೊರಕೆಯ ನಡುವೆ, ಗೋಡೆಯ ಬುಡದ ಮೋರಿಯಿಂದ ಸಾಬೂನಿನ ಗುಳ್ಳೆಯೊಂದು ತೇಲಿ ಬಂತು. ಅದಕ್ಕೆ ಬಣ್ಣವೇ ಇರಲಿಲ್ಲ. ಬೋಳು ಗಾಜಿನ ಹಾಗಿತ್ತು. ಅದರ ಹಿಂದೆಯೇ ಸೊಳ್ಳೆಯಷ್ಟು ಸಣ್ಣ ದನಿಯೊಂದು ಕೇಳಿಸಿತು:

"ಏಯ್, ನೀಲಿ ಮರೆತೆ ಕಣೇ! ಹಿಡಿ, ಹಿಡಿ ಅದನ್ನ!"

ಪಿನ್ನಿ ಹೊಟ್ಟೆಯ ಮೇಲೆ ಮಲಗಿ ಮೋರಿಯೊಳಕ್ಕೆ ಇಣುಕಿದಳು. ಹೆಬ್ಬೆರಳಷ್ಟು ಎತ್ತರದ ಕಿನ್ನರಿಯರು, ನಲವತ್ತು ಜನ. ಕಥೆಗಳಲ್ಲಿ ಕಿನ್ನರಿಯರು ಹೂವಿನ ಮೇಲೆ ಕೂತು ಹಾಡುತ್ತಾರೆ. ಇವರು ಪಾಳಿಗೆ ಬಂದಿದ್ದರು. ಒಗೆಯುವ ಯಂತ್ರದಿಂದ ಬಂದ ಒಂದೊಂದು ಗುಳ್ಳೆಯನ್ನೂ ಹಿಡಿದು, ಬೆರಳಿನಿಂದ ಏಳು ಬಣ್ಣ ಬಳಿದು, ಆಚೆ ಬಿಡುತ್ತಿದ್ದರು. ಗುಳ್ಳೆಗೆ ಬಣ್ಣ ತಾನಾಗಿಯೇ ಬರುತ್ತದೆ ಎಂದುಕೊಂಡವರು ಹಾಸಿಗೆ ಬಟ್ಟೆ ತಾನಾಗಿಯೇ ಬೆಳ್ಳಗಾಗುತ್ತದೆ ಎಂದೂ ನಂಬಿರುತ್ತಾರೆ.

ಅಮ್ಮನ ಕೈ ಕೆಡುತ್ತ ಬಂದ ಹತ್ತೊಂಬತ್ತು ದಿನ ಪಿನ್ನಿ ಅವರನ್ನು ಗಮನಿಸಿದಳು. ನೋಟ್‌ಬುಕ್ ತುಂಬಿತು. ರೆಕ್ಕೆ ಸಾಬೂನು ನೀರಿಗೆ ತಾಗಿದರೆ ಅಂಟಿಕೊಳ್ಳುತ್ತದೆ. ಅದಕ್ಕೇ ಕೆಲಸಕ್ಕಿಳಿಯುವ ಮೊದಲು ಎಲ್ಲರೂ ರೆಕ್ಕೆ ಕಳಚಿ ಬಾಯ್ಲರಿನ ಹಿಂದೆ, ಸಡಿಲ ತಗಡೊಂದರ ಮರೆಯಲ್ಲಿ, ಸಾಲಾಗಿ ಹೊಡೆದ ಮೊಳೆಗಳಿಗೆ ನೇತುಹಾಕುತ್ತಿದ್ದರು. ಕಾವಲಿಲ್ಲ, ಬೀಗವಿಲ್ಲ. ಒಂದು ಚಿಲಕವೂ ಇಲ್ಲ. ಇಷ್ಟು ಸುಲಭದ ಕೆಲಸ ತನ್ನ ಘನತೆಗೆ ಕಡಿಮೆಯಾಯಿತೆಂದು ಪಿನ್ನಿಗೆ ಸ್ವಲ್ಪ ಬೇಸರವೇ ಆಯಿತು.

ಸೂಪರ್‌ವೈಸರ್ ಶನಿವಾರದ ಮಾತು ಹೇಳಿದ ದಿನ ಹುಟ್ಟಿದ ಯೋಜನೆ ಸರಳವಾಗಿತ್ತು. ರೆಕ್ಕೆ ಒತ್ತೆ ಇಟ್ಟುಕೊಂಡು ಅಮ್ಮನ ಕೈ ವಾಸಿ ಮಾಡಿಸಿಕೊಳ್ಳುವುದು. ಯಾರ ರೆಕ್ಕೆ? ಅದಕ್ಕೂ ಅವಳಲ್ಲಿ ಉತ್ತರವಿತ್ತು. ಲಾಂಡ್ರಿಯ ಬಟ್ಟೆ ಬದಲಾಯಿಸುವ ಕೋಣೆಯಲ್ಲೂ ಮೊಳೆಗಳ ಸಾಲೊಂದಿತ್ತು. ಬಾಗಿಲ ಪಕ್ಕದ, ಫ್ಯಾನಿನ ಕೆಳಗಿನ ಮೊದಲ ಮೊಳೆ ಸೂಪರ್‌ವೈಸರನದು. ಅವನ ಕೋಟು ಇಲ್ಲದ ದಿನವೂ ಅಲ್ಲಿ ಬೇರೆ ಯಾರೂ ಒಂದು ಕರವಸ್ತ್ರ ತೂಗಿಸುವಂತಿಲ್ಲ. ಕಿನ್ನರಿಯರ ಸಾಲಿನಲ್ಲೂ ಮೊದಲ ಮೊಳೆ ಬಿಸಿಕೊಳವೆಗೆ ಒತ್ತಿಕೊಂಡು, ಎಲ್ಲಕ್ಕಿಂತ ಬೆಚ್ಚಗೆ ಇತ್ತು. ಅದಕ್ಕೆ ತೂಗುತ್ತಿದ್ದ ರೆಕ್ಕೆ ಜೋಡಿ ಎಲ್ಲಕ್ಕಿಂತ ದೊಡ್ಡದು, ಹಳೆಯ ಚಿನ್ನದ ಬಣ್ಣದ್ದು.

'ಇವಳೇ ಇವರ ಸೂಪರ್‌ವೈಸರ್,' ಎಂದು ಪಿನ್ನಿ ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಗುರುವಾರ ಹನ್ನೊಂದೂವರೆಗೆ, ಮಾಮನ ಗೊರಕೆ ಏರುದನಿಗೆ ಬಂದಾಗ, ಅವಳು ತಗಡು ಸರಿಸಿ ಮೊದಲ ಮೊಳೆಯ ರೆಕ್ಕೆಗಳನ್ನು ಎತ್ತಿಕೊಂಡಳು. ಕಂಪಾಸ್ ಪೆಟ್ಟಿಗೆಯಲ್ಲಿ ಕೈವಾರ, ಪೆನ್ಸಿಲುಗಳ ನಡುವೆ ಹಿಡಿಸಲಿಲ್ಲ. ಮಡಚಿದಳು. ಏನೋ ಸಣ್ಣಗೆ ಚಟ್ ಎಂದಿತು. ಮುಚ್ಚಳದ ಸದ್ದಿರಬೇಕು ಎಂದುಕೊಂಡಳು. ಇರಲಿ ಎಂದೂ ಅಂದುಕೊಂಡಳು.

ಹನ್ನೆರಡಕ್ಕೆ ಅವರ ಪಾಳಿ ಮುಗಿಯಿತು. ಕಿನ್ನರಿಯರು ಕೈ ಒರೆಸಿಕೊಳ್ಳುತ್ತ, ಒಬ್ಬರನ್ನೊಬ್ಬರು ಚುಡಾಯಿಸುತ್ತ ಬಂದರು. ಮೊದಲ ಮೊಳೆ ಖಾಲಿ ಇರುವುದನ್ನು ಕಂಡು ಅಲ್ಲೇ ನಿಂತರು. ಪಿನ್ನಿ ಕಂಪಾಸ್ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಕನ್ನಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿದ್ದ ದನಿಯಲ್ಲಿ ಹೇಳಿದಳು:

"ನಿಮ್ಮ ಯಜಮಾನಿಯ ರೆಕ್ಕೆ ನನ್ನ ಹತ್ರ ಇದೆ. ನಮ್ಮಮ್ಮನ ಕೈ ಮೊದಲಿನ ಹಾಗೆ ಮಾಡಿಕೊಡಿ, ವಾಪಸ್ ಕೊಡ್ತೀನಿ. ಮೋಸ ಮಾಡಿದ್ರೆ ರೆಕ್ಕೆ ಬಾಯ್ಲರಿಗೆ."

ಕೆಂಪಂಗಿಯ ಕಿನ್ನರಿಯೊಬ್ಬಳು ಮುಂದೆ ಬಂದಳು. ನೀಲಿ ಮರೆತವಳನ್ನು ಬೈದವಳು ಅವಳೇ.

"ಯಜಮಾನಿ ಅಂದ್ರೆ?"

"ಮೊದಲ ಮೊಳೆಯವಳು! ನಿಮ್ಮೆಲ್ಲರ ಮೇಲಿನವಳು."

ಕಿನ್ನರಿಯರು ಮುಖ ಮುಖ ನೋಡಿಕೊಂಡರು. ಕೆಂಪಂಗಿಯವಳು ನಿಧಾನವಾಗಿ, ತಲೆ ಸರಿಯಿಲ್ಲದ ಮಗುವಿಗೆ ಹೇಳುವ ಹಾಗೆ ಹೇಳಿದಳು:

"ಮೊದಲ ಮೊಳೆ ಬೆಚ್ಚಗಿರುತ್ತೆ. ಯಾರ ರೆಕ್ಕೆ ತೀರಾ ಹಳೇದೋ, ಯಾರಿಗೆ ಬೇಗ ತೇವ ಹಿಡಿಯುತ್ತೋ ಅವರು ಅಲ್ಲಿ ಹಾಕ್ತಾರೆ. ಹತ್ರ ಇದ್ರೆ ಅವರು ಜಾಸ್ತಿ ನಡೀಬೇಕಾಗಿಲ್ಲ. ಅದು ನಮ್ಮಜ್ಜೀದು. ನಿಮ್ಮಲ್ಲಿ ಬೆಚ್ಚಗಿನ ಜಾಗ ಗಟ್ಟಿಯಾಗಿರೋರಿಗೆ ಕೊಡ್ತೀರಾ? ಯಾಕೆ?"

ಅಂಥ ಪ್ರಶ್ನೆಯೊಂದಿದೆ ಎಂಬುದೇ ಪಿನ್ನಿಗೆ ತಿಳಿದಿರಲಿಲ್ಲ. ಬುದ್ಧಿವಂತೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡವಳು ಲೋಕವನ್ನೆಲ್ಲ ಸೂಪರ್‌ವೈಸರನ ಕಣ್ಣಿನಿಂದ ಓದಿದ್ದಳು.

ಗುಂಪಿನ ಹಿಂದಿನಿಂದ ಅಜ್ಜಿ ಕಿನ್ನರಿ ಇಬ್ಬರ ಹೆಗಲು ಹಿಡಿದು ಬಂದಳು. ಪೆಟ್ಟಿಗೆಯನ್ನು ನೋಡಲಿಲ್ಲ, ಪಿನ್ನಿಯನ್ನು ನೋಡಿದಳು.

"ಹಾರಬೇಕು ಅನ್ನಿಸ್ತಾ ಮಗು? ಕೇಳಬಹುದಿತ್ತಲ್ಲ. ಕೊಡ್ತಿದ್ದೆ."

"ನನಗಲ್ಲ. ನಮ್ಮಮ್ಮನ ಕೈಗೆ…" ಪಿನ್ನಿಯ ದನಿ ಅಭ್ಯಾಸ ಮಾಡಿದ ದನಿಯಾಗಿ ಉಳಿದಿರಲಿಲ್ಲ. "ನಿಮ್ಮ ಹತ್ರ ಮಾಯಮಂತ್ರ ಇರಲ್ವಾ?"

ಅಜ್ಜಿ ತನ್ನೆರಡು ಕೈಗಳನ್ನು ಚಾಚಿದಳು. ಸಾಬೂನು ತಿಂದು ಸಿಪ್ಪೆಯೆದ್ದ ಬೆರಳುಗಳು. ಒಂದೂ ಮಡಚುತ್ತಿರಲಿಲ್ಲ. "ಮಾಯಮಂತ್ರ ಇದ್ದಿದ್ರೆ ಮೊದಲು ಇವನ್ನ ಸರಿ ಮಾಡ್ಕೊಳ್ತಿರಲಿಲ್ವಾ ಪುಟ್ಟಿ?"

ಪಿನ್ನಿ ಮುಚ್ಚಳ ತೆರೆದಳು. ಎಡ ರೆಕ್ಕೆ ನಡುವಿನಲ್ಲಿ ಸೀಳಿತ್ತು. ಆಗ ಚಟ್ ಎಂದದ್ದು ಮುಚ್ಚಳವಾಗಿರಲಿಲ್ಲ. ಇರಲಿ ಎಂದವಳು ತಾನೇ.

ಯಾರೂ ಕಿರುಚಲಿಲ್ಲ. ತಮ್ಮ ತಮ್ಮ ರೆಕ್ಕೆ ಕೈಗೆತ್ತಿಕೊಂಡಿದ್ದವರು ಮತ್ತೆ ಅವನ್ನು ಮೊಳೆಗಳಿಗೆ ತೂಗುಹಾಕಿ, ನೆಲದ ಮೇಲೆ ಕೂತರು. ಒಬ್ಬರು ಹಾರಲಾರದೆ ಉಳಿದರೆ ಆ ಪಾಳಿ ಮನೆಗೆ ಹೋಗುವುದಿಲ್ಲ. ಅದು ಅವರಲ್ಲಿ ನಡೆದುಬಂದದ್ದು. ಯಾರಾದರೂ ಬೈದಿದ್ದರೆ ಪಿನ್ನಿಗೆ ತಿರುಗಿ ಬೈಯಲು ಬರುತ್ತಿತ್ತು. ಸುಮ್ಮನೆ ಕೂತವರ ಮುಂದೆ ಏನು ಮಾಡಬೇಕೆಂದು ಅವಳು ಯಾವ ಪುಟದಲ್ಲೂ ಬರೆದಿರಲಿಲ್ಲ. ಅವಳ ಕಿವಿಗಳು ಬಾಯ್ಲರಿಗಿಂತ ಬಿಸಿಯಾಗಿದ್ದವು.

ಊಟದ ಗಂಟೆ ಹೊಡೆಯಿತು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಮ್ಮ ಕೊನೆಯ ಮೊಳೆಯ ಕೆಳಗಿನ ಬೆಂಚಿನ ಮೇಲೆ ಕೂತಿದ್ದಳು. ಪಿನ್ನಿ ಡಬ್ಬಿಯ ಬದಲು ಕಂಪಾಸ್ ಪೆಟ್ಟಿಗೆ ಮುಂದಿಟ್ಟು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಮ್ಮ ರೆಕ್ಕೆಗಳನ್ನು ನೋಡಿದಳು. ನಂಬಲಿಕ್ಕೆ ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಟ್ಟೆಯ ಬಗೆ ಗುರುತಿಸಿಯೇ ಬದುಕಿದವಳು. ಇದು ಯಾವ ಮಗ್ಗದ್ದೂ ಅಲ್ಲವೆಂದು ಮುಟ್ಟಿದ ಕೂಡಲೇ ತಿಳಿಯಿತು.

"ಕದ್ದೆಯಾ?"

"ನಿನ್ನ ಕೈಗೋಸ್ಕರ ಅಮ್ಮ."

"ನನ್ನ ಕೈ ಹೆಸರು ತೆಗೀಬೇಡ," ಎಂದಳು ಅಮ್ಮ. ದನಿ ಏರಿಸಲಿಲ್ಲ. ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ಪಿನ್ನಿಗೆ ಅನ್ನಿಸಿತು. "ಈ ಕೈ ಇದುವರೆಗೆ ಇನ್ನೊಬ್ಬರದ್ದು ಮುಟ್ಟಿದ್ದು ಒಪ್ಪ ಮಾಡೋದಕ್ಕೆ. ಸೂಜಿ ತಗೊಂಬಾ. ರಫು ಮೇಜಿನ ಮೇಲೆ ಅತೀ ಸಣ್ಣದು ಇರುತ್ತೆ. ಕೇಳಿ ತಗೊಂಬಾ. ಕೇಳಿ."

ಇಸ್ತ್ರಿಗೆ ಬರುವ ಮೊದಲು ಅಮ್ಮ ಹರಿದ ಬಟ್ಟೆಗೆ ರಫು ಹಾಕುತ್ತಿದ್ದವಳು, ಹೊಲಿದ ಗುರುತೇ ಕಾಣದ ಹಾಗೆ. ಈಗ ಅವಳ ಬೆರಳುಗಳಲ್ಲಿ ಸೂಜಿ ನಿಲ್ಲಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಅದನ್ನು ಪಿನ್ನಿಯ ಕೈಗಿಟ್ಟಳು. ತಲೆಯಿಂದ ಒಂದು ಬಿಳಿಗೂದಲು ಕಿತ್ತು, "ದಾರ ಇದೇ," ಎಂದಳು.

"ನಂಗೆ ಬರಲ್ಲ ಅಮ್ಮ."

"ಬೀಗದ ಹೊಟ್ಟೆಯಲ್ಲಿ ಕೂದಲೆಳೆ ಅಂತರ ಗೊತ್ತಾಗೋ ಬೆರಳು ನಿಂದು. ಅದಕ್ಕೆ ಬರುತ್ತೆ, ಇದಕ್ಕೆ ಬರಲ್ವಾ? ಒಂದು ಮೇಲೆ, ಒಂದು ಕೆಳಗೆ. ಎಳೀಬೇಡ. ಬಟ್ಟೆ ಹೇಳೋದನ್ನ ಕೇಳು."

ಊಟದ ಅರ್ಧ ಗಂಟೆ ಪೂರ್ತಿ ಹಾಗೇ ಹೋಯಿತು. ಡಬ್ಬಿ ತೆರೆಯಲಿಲ್ಲ. ಹೊಲಿಯುತ್ತ ಹೊಲಿಯುತ್ತ ಪಿನ್ನಿ ಮೊಳೆಗಳ ವಿಷಯವನ್ನೂ ಹೇಳಿದಳು: ಬೆಚ್ಚಗಿನದು ಯಾರಿಗೆ, ಯಾಕೆ, ಪಾಳಿಯೆಲ್ಲ ಹೇಗೆ ಕೂತುಬಿಟ್ಟಿದೆ. ಪಕ್ಕದಲ್ಲಿ ಉಣ್ಣುತ್ತಿದ್ದ, ಒಗೆದ ಬಟ್ಟೆ ಮಡಚುವ ಮಡಿಕೆ ಮೇಜಿನ ಅಕ್ಕ ಬಾಯಿಗಿಟ್ಟ ತುತ್ತನ್ನು ಅಗಿಯುವುದು ನಿಲ್ಲಿಸಿ ಕಿವಿಗೊಟ್ಟಳು. ಬಾಗಿಲ ಪಕ್ಕದ ಮೊದಲ ಮೊಳೆಯನ್ನೇ ನೋಡುತ್ತಿದ್ದಳು.

ರೆಕ್ಕೆ ಕೂಡಿಕೊಂಡಿತು. ಗುರುತು ಮಾತ್ರ ಉಳಿಯಿತು. ಅಮ್ಮನ ಕೈಯಾಗಿದ್ದರೆ ಉಳಿಯುತ್ತಿರಲಿಲ್ಲ. ಬಾಯ್ಲರ್ ಕೋಣೆಯಲ್ಲಿ ಅಜ್ಜಿ ಕಿನ್ನರಿ ಅದನ್ನು ತೊಟ್ಟು ಹಾರಿದಳು. ನೆಟ್ಟಗಲ್ಲ. ಎಡಕ್ಕೆ ವಾಲಿ, ಕೊಳವೆಗೆ ತಾಗಿ, ಸಾವರಿಸಿಕೊಂಡು ಮತ್ತೆ ವಾಲಿದಳು. ಕೆಂಪಂಗಿಯವಳು ಅವಳ ಎಡಗಡೆಗೆ ಹೋಗಿ ಹೆಗಲು ಕೊಟ್ಟಳು. ಆಗ ಮಾತ್ರ ಉಳಿದವರು ಎದ್ದರು.

"ತಪ್ಪಾಯ್ತು ಅಜ್ಜಿ," ಎಂದಳು ಪಿನ್ನಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೇಳಿದ ಮಾತು.

"ಹೂಂ," ಎಂದಳು ಅಜ್ಜಿ. ಪರವಾಗಿಲ್ಲ ಎನ್ನಲಿಲ್ಲ.

ಶನಿವಾರ ಸೂಪರ್‌ವೈಸರ್ ಬಂದು ಕೋಟು ಬಿಚ್ಚಿ ಕೈ ಚಾಚಿದರೆ ಅವನ ಮೊಳೆಯ ಮೇಲೆ ಹಳೆಯ ಕೈಚೀಲವೊಂದು ತೂಗುತ್ತಿತ್ತು. ಅಮ್ಮನದು. ಸಾಲಿನ ಹೆಂಗಸರೆಲ್ಲ ಏಪ್ರನ್ ಕೈಯಲ್ಲಿ ಹಿಡಿದು ಬೆಂಚುಗಳ ಮೇಲೆ ಕೂತಿದ್ದರು. ಪಿನ್ನಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

"ಏನಿದು?"

"ಮೊಳೆ ಸಾರ್," ಎಂದಳು ಮಡಿಕೆ ಮೇಜಿನ ಅಕ್ಕ. "ಚೀಲ ತೂಗುಹಾಕಿದ್ದೀವಿ."

"ಯಾರದ್ದು?"

"ಕೈ ಸೋತವಳದ್ದು. ಇನ್ಮೇಲೆ ಅಲ್ಲಿ ಫ್ಯಾನ್ ಗಾಳಿ ಅವಳಿಗೆ. ನಿಮ್ಮದು ಗಟ್ಟಿ ಮೈ ಸಾರ್, ಕೊನೇ ಮೊಳೆವರೆಗೆ ನಡೀಬಹುದು. ಅಂಗಿಯೇನೂ ಸುಕ್ಕಾಗಲ್ಲ."

ಯಾರೋ ಕಿಸಕ್ಕೆಂದರು. ಸೂಪರ್‌ವೈಸರ್ ಕೆಂಪಾದ. "ಕೆಲಸ ಶುರು ಮಾಡ್ರಮ್ಮ! ಹೋಟೆಲಿನ ಗಾಡಿ ಹತ್ತಕ್ಕೆ ಬರುತ್ತೆ!"

"ಅವಳ ಹೆಸರು ಸೋಮವಾರದ ಪಟ್ಟಿಯಲ್ಲಿ ಬರೀರಿ, ಏಪ್ರನ್ ಕಟ್ತೀವಿ. ಅವಳ ಕೈ ಹೋಗಿದ್ದು ಇಲ್ಲೇ. ಮನೇಲಲ್ಲ."

ಗಾಡಿ ಬಂತು. ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು. ಒಬ್ಬಳೂ ಏಳಲಿಲ್ಲ. ಹತ್ತೂಕಾಲಕ್ಕೆ ಸೂಪರ್‌ವೈಸರ್ ಪೆನ್ನು ತೆಗೆದ. ಅಮ್ಮನ ಹೆಸರಿನ ಮುಂದೆ ಬರೆದದ್ದು, ಒಗೆದ ಬಟ್ಟೆಯಲ್ಲಿ ಉಳಿದ ಕಲೆ ನೋಡುವ ಮೇಜು. ಕೂತು ಮಾಡುವ ಕೆಲಸ, ಕಣ್ಣಿದ್ದರೆ ಸಾಕು. "ಸದ್ಯಕ್ಕೆ," ಎಂದು ಎರಡು ಸಲ ಹೇಳಿದ. ಸದ್ಯಕ್ಕೆ ಎಂದರೇನೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಏಪ್ರನ್ ಕಟ್ಟುವಾಗ ಅಮ್ಮನ ಗಂಟನ್ನು ಹಾಕಿಕೊಡಲು ಮೂವರು ಓಡಿಬಂದರು.

ಇದನ್ನು ಕಿನ್ನರಿಯರಿಗೆ ಹೇಳಬೇಕೆಂದು ಪಿನ್ನಿ ಸೋಮವಾರ ಬಾಯ್ಲರ್ ಕೋಣೆಗೆ ಹೋದಳು. ಮಾಮ ಗೊರಕೆ ಹೊಡೆಯುತ್ತಿದ್ದ. ತಗಡಿನ ಮುಂದೆ ಮೊಣಕಾಲೂರಿ ಚಾಚಿದ ಕೈ ಅರ್ಧಕ್ಕೇ ನಿಂತಿತು.

ತಗಡಿಗೆ ಬೀಗ ಬಿದ್ದಿತ್ತು.

ಯಾವುದೋ ರವಿಕೆಯ ಕೊಕ್ಕೆ, ಕೋಟಿನ ಗುಂಡಿ, ತುಂಡು ತಂತಿ ಸೇರಿಸಿ ಮಾಡಿದ್ದು. ಬೀಗವೆಂದರೆ ಹೇಗಿರುತ್ತದೆ ಎಂದು ಜನ್ಮದಲ್ಲಿ ಕಾಣದವರು ಊಹಿಸಿ ಮಾಡಿದ ಬೀಗ. ಕೊಕ್ಕೆಯನ್ನು ತಲೆಕೆಳಗಾಗಿ ಹಾಕಿದ್ದರು. ಅವರ ಸಾಲಿನಲ್ಲಿ ಇಂಥದೊಂದು ಇದುವರೆಗೆ ಬೇಕಾಗಿರಲಿಲ್ಲ. ಅದನ್ನು ಮಾಡಲು ಎಷ್ಟು ಬೆರಳುಗಳು ನೊಂದಿರಬೇಕೆಂದು ಪಿನ್ನಿಗೆ ಲೆಕ್ಕ ಸಿಗಲಿಲ್ಲ. ಒಳಗೆ, ಮೋರಿಯ ಕಡೆಯಿಂದ, ಅಜ್ಜಿಯ ಕೆಮ್ಮು ಕೇಳಿಸಿತು. ಆಮೇಲೆ ಯಾರೋ "ಶ್!" ಎಂದರು. ಅವಳು ಬಂದದ್ದು ಅವರಿಗೆ ಗೊತ್ತಾಗಿತ್ತು.

ಅದನ್ನು ಬಿಚ್ಚಲು ಪಿನ್ನೂ ಬೇಕಿರಲಿಲ್ಲ, ಉಗುರು ಸಾಕಿತ್ತು. ಪಿನ್ನಿ ಎದ್ದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಂದಿಯಿಂದ ನೋಡುತ್ತಿರುವವರಿಗೆ ಕಾಣುವ ಹಾಗೆ, ಬಾಗಿಲವರೆಗೆ ಹಿಮ್ಮುಖವಾಗಿ ನಡೆದಳು.