ಭಜನೆಮನೆಯ ಬೀಗದ ಕೈ

"ಇಲ್ಲೊಂದು ಸೈನ್ ಹಾಕ್ಬಿಡಿ ಯಜಮಾನ್ರೆ, ನಮ್ಮ ಕಡೆಯಿಂದ ಮುಗೀತು," ಎಂದು ಕಂದಾಯ ಕಚೇರಿಯ ರವಿಕುಮಾರ್ ಖಾತೆ ವರ್ಗಾವಣೆಯ ಕಾಗದವನ್ನು ಜಗಲಿಯ ಮೇಲಿಟ್ಟ. ಗಂಗಾಧರಯ್ಯ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಅರೆಕೆರೆ ಹಿಂಭಾಗದ ಆ ಹಳೇ ಊರಿನಲ್ಲಿ ಆಕಾಶ ಕಾಣುವಷ್ಟು ಗಿಡ್ಡಗೆ ಉಳಿದದ್ದು ಎದುರಿನ ಭಜನೆಮನೆ ಒಂದೇ. ಶನಿವಾರ ಭಜನೆ, ಮದುವೆಯಲ್ಲಿ ಬೀಗರ ಬಿಡಾರ, ಆಮೇಲೆ ಸೀಮೆಎಣ್ಣೆ ಹಂಚುವ ಜಾಗ, ಬಾಲವಾಡಿ, ಓಟಿನ ಬೂತು, ಎಲ್ಲ ಆಗಿತ್ತು ಅದು. ಹೊಲಗಳು ಸೈಟುಗಳಾಗಿ ಊರಿಗೆ ದುಡ್ಡು ಬಂದ ಮೇಲೆ ಮದುವೆಗಳು ಚೌಲ್ಟ್ರಿಗೆ ಹೋದವು. ಹನ್ನೆರಡು ವರ್ಷದಿಂದ ಬೀಗ. ಅದನ್ನು ಕೆಡವಿ ಪಿ.ಜಿ. ಕಟ್ಟಬೇಕೆಂದು ಮಗ ದಿನೇಶ ಎರಡು ವರ್ಷದಿಂದ ಓಡಾಡುತ್ತಿದ್ದ.

ಅವನದು ಸುಳ್ಳು ದಾಖಲೆಯೇನಲ್ಲ. ಊರಿಗೆ ಕರೆಂಟು ಬಂದಾಗ ಭಜನೆಮನೆಗೂ ಒಂದು ಬಲ್ಬು ಬೇಕೆಂದರು ಜನ. ಊರಿನ ಹೆಸರಿಗೆ ಮೀಟರು ಕೊಡುವುದಿಲ್ಲ, ಒಬ್ಬ ಮನುಷ್ಯನ ಹೆಸರು ಹೇಳಿ ಎಂದರು ಆಫೀಸಿನವರು. ಬೀಗದ ಕೈ ಇದ್ದದ್ದು ಗಂಗಾಧರಯ್ಯನವರ ಅಪ್ಪ ಬೈಲಪ್ಪನ ಮನೆಯಲ್ಲಿ. ಅವನ ಹೆಸರೇ ಇರಲಿ ಎಂದು ಊರೆಲ್ಲ ಹೆಬ್ಬೆಟ್ಟು ಒತ್ತಿತು. ಮೀಟರಿನ ಹಿಂದೆ ಕಂದಾಯ ಬಂತು, ಕಂದಾಯದ ಹಿಂದೆ ಖಾತೆ. ಒಂದು ಬಲ್ಬಿನ ಆಸೆಗೆ ಊರು ಕಟ್ಟಡವನ್ನೇ ಬರೆದುಕೊಟ್ಟಿತ್ತು. ಅದು ಗೊತ್ತಿದ್ದವರಲ್ಲಿ ಈಗ ಉಳಿದವರು ಒಬ್ಬಿಬ್ಬರು.

"ಅಪ್ಪಾ, ಸಾರ್‌ಗೆ ಅಂಜನಾಪುರದಲ್ಲಿ ಇನ್ನೊಂದು ಇನ್ಸ್‌ಪೆಕ್ಷನ್ ಐತಂತೆ," ಎಂದ ದಿನೇಶ.

ಆ ಹೊತ್ತಿಗೇ ಪಕ್ಕದ ಬೀದಿಯ ಮುನಿವೆಂಕಟಮ್ಮ ಬಂದಳು. ಎಂಬತ್ತು ದಾಟಿದ ಮುದುಕಿ. ಕೈಯಲ್ಲಿ ಎಲೆ ಅಡಿಕೆಯ ತಟ್ಟೆ.

"ಗಂಗಾಧರ, ಸೋಮ್ವಾರ ನಮ್ಮ ಮೊಮ್ಮಗಳು ಅರ್ಪಿತಂಗೆ ಅರಿಶಿಣ ಹಚ್ಚೋದು ಕಣಪ್ಪ. ಮದ್ವೆ ಚೌಲ್ಟ್ರೀಲಿ. ಅಲ್ಲಿ ಏಸಿ ಅಂತೆ, ಹುಡ್ಗಿ ಮೈಗೆಲ್ಲ ಹಸಿ ಅರಿಶಿಣ ಬಳ್ಕೊಂಡು ನಡುಗ್ತಾ ಕೂತಿರ್ಬೇಕಾ? ಭಜನೆಮನೆ ಬೀಗ ತೆಗ್ದುಕೊಡು."

"ತೆಗೆಯೋಣ ಬಿಡಜ್ಜಿ. ಈಗ ಅದು ನಮ್ದೇ ಅಲ್ವಾ," ಎಂದ ದಿನೇಶ. "ಅದಕ್ಯಾಕೆ ಎಲೆ ಅಡ್ಕೆ?"

"ನಿಮ್ದಾಗಿದ್ರೆ ಎಲೆ ಅಡ್ಕೆ ಯಾಕ್ ತರ್ತಿದ್ದೆ? ಒಂದು ಫೋನ್ ಮಾಡ್ತಿದ್ದೆ. ಇದು ನಿಮ್ಮಪ್ಪಂಗಲ್ಲ ಕಣ್ಲಾ, ಊರಿಗೆ."

ಹಳೇ ಕಟ್ಟಳೆ ಅದು. ಭಜನೆಮನೆ ಬೇಕಾದವರು ಬೀಗದ ಕೈ ಇರುವ ಮನೆಗೆ ವೀಳ್ಯ ಕೊಡಬೇಕು. ಊರಿನ ಪರವಾಗಿ ಈಸಿಕೊಂಡವನು ಅದನ್ನು ಬಾಯಿಗೆ ಹಾಕುವಂತಿಲ್ಲ, ಭಜನೆಮನೆಯ ಹೊಸ್ತಿಲ ಮೇಲಿಟ್ಟು ಬಾಗಿಲು ತೆಗೆಯಬೇಕು. ಬೈಲಪ್ಪ ಎಲೆ ಅಡಿಕೆ ಇಲ್ಲದೆ ಮಾತೇ ಆಡದ ಮನುಷ್ಯ. ಸಾಯುವವರೆಗೂ ಆ ಎಲೆಗಳಲ್ಲಿ ಒಂದನ್ನೂ ಮುರಿಯಲಿಲ್ಲ.

ಗಂಗಾಧರಯ್ಯ ಎದ್ದರು. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಎರಡೂ ಕೈಯಲ್ಲಿ ವೀಳ್ಯ ಈಸಿಕೊಂಡರು.

"ಸಾರ್, ಇದ್ರಲ್ಲಿ ಮಾಲೀಕರು ಅಂತ ಒಂದೇ ಗೆರೆ ಬಿಟ್ಟಿದೀರ. ಅದು ಸಾಲಲ್ಲ. ಭಜನೆಮನೆ ಕಟ್ಟಿದೋರ್ನೆಲ್ಲ ನಾನು ಹೇಳ್ತೀನಿ, ಬರ್ಕೊಳಿ."

"ಹಂಗೆ ಹೇಳಿಕೆ ಕೊಟ್ರೆ ನಿಮ್ಮ ಖಾತೆ ನಿಂತ್ಹೋಗುತ್ತೆ ಯಜಮಾನ್ರೆ. ಪ್ಲಾನೂ ಸಿಗಲ್ಲ."

"ನಿಂತ್ಕೊಳ್ಲಿ."

"ಅಪ್ಪಾ, ಸ್ವಲ್ಪ ಯೋಚ್ನೆ ಮಾಡು," ಎಂದ ದಿನೇಶ.

"ಎರಡು ವರ್ಷದಿಂದ ಅದನ್ನೇ ಮಾಡ್ತಿದೀನಿ ಕಣೋ."

ದಿನೇಶ ಎದ್ದು ಹೋಗಿ ಗೇಟಿಗೆ ಒರಗಿ ಬೆನ್ನು ಮಾಡಿ ನಿಂತ.

"ಪಟೇಲರ ಮನೆಯಿಂದ ತೊಲೆ," ಎಂದು ಗಂಗಾಧರಯ್ಯ ಶುರುಮಾಡಿದರು. "ಚನ್ನಬಸವಯ್ಯನ ಮನೆಯಿಂದ ಎರಡು ಗಾಡಿ ಕಲ್ಲು."

"ಮೂರು," ಎಂದಳು ಮುನಿವೆಂಕಟಮ್ಮ.

"ಮೂರು ಮಾಡ್ಕೊಳಿ ಸಾರ್. ಮಣ್ಣು ಕಲ್ಸಕ್ಕೆ ನೀರು ಹೊತ್ತಿದ್ದು ಈಯಮ್ಮನ ಅತ್ತೆ."

"ಅತ್ತೆ ಎಲ್ಲಿ ಹೊತ್ಲು, ಬರೀ ಬೈತಿದ್ಲು. ಹೊತ್ತಿದ್ದು ನಾನು. ಮದ್ವೆಯಾಗಿ ತಿಂಗಳಾಗಿರ್ಲಿಲ್ಲ."

ರವಿಕುಮಾರ್ ನಕ್ಕು ಬರೆದುಕೊಂಡ. ಒಂದೊಂದೇ ಮನೆ ಬಂತು. ಹದಿನಾಲ್ಕನೆಯದಕ್ಕೆ ಇಬ್ಬರೂ ತಡವರಿಸಿದರು. ಗಂಗಾಧರಯ್ಯ ಬೆರಳು ಮಡಚಿ ಬಿಡಿಸಿ ನೋಡಿದರು. ಮುದುಕಿ ಕಣ್ಣು ಮುಚ್ಚಿಕೊಂಡಳು.

"ಕುಂಬಾರ್ರ ಮನೆ ಬಿಟ್ರಿ," ಎಂದ ದಿನೇಶ, ಈ ಕಡೆ ತಿರುಗದೆ. "ಹೆಂಚು ಸುಟ್ಟಿದ್ದು ಅವ್ರು ಅಂತ ತಾತ ಹೇಳ್ತಿದ್ರು."

ಕಾಗದದಲ್ಲಿ ಜಾಗ ಮುಗಿದಿತ್ತು. ರವಿಕುಮಾರ್ ಅದನ್ನು ಮಗುಚಿ, ಹಿಂದಿನ ಖಾಲಿ ಮಗ್ಗುಲಲ್ಲಿ ಬರೆಯತೊಡಗಿದ.