ಮಡಿಕೆ ಬೀಳದ ಚೆಕ್

2016ರ ಫೆಬ್ರವರಿ 9, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಲ್ಯಾಮಿನೇಷನ್ ಅಂಗಡಿಯವನು ಬ್ಯಾಂಕಿನ ಗಾಜಿನ ಕಿಂಡಿಯೊಳಗೆ ಚೆಕ್ ತೂರಿಸಿದ. ಗುಮಾಸ್ತೆ ಅದನ್ನು ಬೆಳಕಿಗೆ ಹಿಡಿದಳು, ಬಗ್ಗಿಸಲು ನೋಡಿದಳು. ಬಗ್ಗಲಿಲ್ಲ.

“ಇದೇನ್ರೀ, ಪ್ಲಾಸ್ಟಿಕ್ ಹೊದಿಸಿದೀರಾ?”

“ಹಾಳಾಗಬಾರದು ಅಂತ, ಮೇಡಂ. ನಮ್ಮ ಕಸುಬೇ ಅದು.”

ಮಗಳಿಗೆ ಶ್ರವಣಯಂತ್ರ ಕೊಳ್ಳಲೆಂದು ಸೋದರತ್ತೆ ಹೋದ ತಿಂಗಳು ಬರೆದುಕೊಟ್ಟ ಚೆಕ್ಕು. ಆಗ ಕ್ಲಿನಿಕ್ಕಿನವರು ಮುಂದಿನ ತಿಂಗಳು ಬನ್ನಿ ಎಂದಿದ್ದರು. ಹಣ ಖಾತೆಗೆ ಬಂದರೆ ಬಾಡಿಗೆ, ಸಾಮಾನು ಎಂದು ಕರಗಿಹೋದೀತೆಂದು ಅವನು ಚೆಕ್ಕನ್ನೇ ಜೋಪಾನ ಮಾಡಿದ. ಕೈಗೆ ಸಿಕ್ಕಿದ ಯಾವ ಕಾಗದವನ್ನೂ ಅವನು ಬರಿಮೈಯಲ್ಲಿ ಬಿಟ್ಟವನಲ್ಲ. “ಒಂದಿನ ನನ್ನನ್ನೂ ಆ ಮಷೀನಿಗೆ ತೂರಿಸಿಬಿಡಿ, ಸುಕ್ಕಾದರೂ ಬೀಳಲ್ಲ” ಎಂದು ಹೆಂಡತಿ ಆಗಲೇ ಚುಚ್ಚಿದ್ದಳು.

“ಇನ್‌ಸ್ಟ್ರುಮೆಂಟ್ ಮ್ಯುಟಿಲೇಟೆಡ್,” ಎಂದಳು ಗುಮಾಸ್ತೆ.

“ಹಾಗಂದ್ರೆ?”

“ಇನ್‌ಸ್ಟ್ರುಮೆಂಟ್ ಅಂದ್ರೆ ಈ ಚೆಕ್ಕೇ. ಅದು ವಿರೂಪ ಆಗಿದೆ ಅಂತ.”

“ಒಂದು ಮಡಿಕೆಯೂ ಬಿದ್ದಿಲ್ಲವಲ್ಲ, ಮೇಡಂ.”

“ಕೆಳಗಿನ ಅಂಕಿಗಳ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತೆ. ಯಂತ್ರ ಅದನ್ನ ತಾಗಿಕೊಂಡೇ ಓದಬೇಕು. ನೀವು ನಡುವೆ ಗೋಡೆ ಕಟ್ಟಿದೀರಿ. ಡ್ರಾಯರ್ ಹತ್ರ ಇನ್ನೊಂದು ಬರೆಸ್ಕೊಂಡು ಬನ್ನಿ.”

“ಡ್ರಾಯರ್ ಅಂದ್ರೆ?”

“ಬರೆದುಕೊಟ್ಟವರು.”

ಅವನು ಕಿಂಡಿಯ ಅಂಚನ್ನು ಹಿಡಿದುಕೊಂಡ. “ಅತ್ತೆ ಹೋದ ವಾರ ತೀರಿಕೊಂಡರು.”

ಗುಮಾಸ್ತೆಯ ದನಿ ತಗ್ಗಿತು. “ಹಾಗಾದ್ರೆ ಚೆಕ್ ನೆಟ್ಟಗಿದ್ದರೂ ಈಗ ಪಾಸಾಗಲ್ಲ. ಡ್ರಾಯರ್ ಡಿಸೀಸ್ಡ್, ಬರೆದವರು ತೀರಿಕೊಂಡಿದಾರೆ ಅಂತ ವಾಪಸ್ ಬರುತ್ತೆ. ಅವರು ಕೊಟ್ಟಾಗಲೇ ಹಾಕಿದ್ದಿದ್ರೆ…” ಎಂದವಳು ಮಾತು ಮುಗಿಸದೆ ಚೆಕ್ಕನ್ನು ಹೊರಕ್ಕೆ ಸರಿಸಿದಳು.

ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ಅವನು ಅತ್ತೆಯ ಮಗನಿಗೆ ಫೋನ್ ಮಾಡಿದ.

“ಅಮ್ಮ ನಮಗೇನೂ ಹೇಳಿರಲಿಲ್ಲ, ಭಾವ. ಮನೆಯಲ್ಲಿ ಸೂತಕ, ಈಗ ದುಡ್ಡಿನ ಮಾತು ಎತ್ತಬೇಡಿ.”

“ನಾನು ಮಗೂಗೋಸ್ಕರ…”

“ಗೊತ್ತು ಭಾವ. ಎಲ್ಲರಿಗೂ ಮಕ್ಕಳಿದಾರೆ.” ಫೋನು ಕಡಿದುಹೋಯಿತು.

ಗುರುವಾರ ಕ್ಲಿನಿಕ್ಕಿಗೆ ಹೋಗದೆ ವಿಧಿಯಿರಲಿಲ್ಲ. ಈ ಸಲ ತಪ್ಪಿಸಿದರೆ ಮತ್ತೆ ಮಳೆಗಾಲದವರೆಗೆ ಕಾಯಬೇಕಿತ್ತು. ಯಂತ್ರ ಆಮೇಲೆ ನೋಡೋಣ, ಪರೀಕ್ಷೆಯಷ್ಟೇ ಮಾಡಿ ಎಂದ. ಮಗಳು ಗಾಜಿನ ಕೋಣೆಯೊಳಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ಸದ್ದು ಕೇಳಿದಾಗ ಕೈಯೆತ್ತಬೇಕು. ಸರಿಯಿರುವ ಕಿವಿಗೆ ಇಪ್ಪತ್ತು ಡೆಸಿಬೆಲ್ಲಿನೊಳಗೇ ಕೇಳಿಸುತ್ತದೆ. ತಂತ್ರಜ್ಞೆ ಗುಂಡಿಯನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ಹೋದಳು. ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಕತ್ತು ತಗ್ಗಿಸಿದ. ಬಲಗೈ ಮೇಲೆದ್ದಾಗ ಯಂತ್ರ ತೋರಿಸುತ್ತಿದ್ದದ್ದು ಎಪ್ಪತ್ತೈದು ಡೆಸಿಬೆಲ್.